ಹೊಸ್ತಿಲಾಚೆಯ ಚಕ್ಕುಲಿ

ದೇವರ ಮುಂದೆ ಕೂತು ಸಿಟ್ಟು ಮಾಡಿಕೊಳ್ಳಬಾರದು ಎಂದು ನನಗೂ ಗೊತ್ತು. ಆದರೆ ಈಚೆಗೆ ಬೆಳಿಗ್ಗೆ ಪೂಜೆಗೆ ಕೂತು ಹಣೆಗೆ ವಿಭೂತಿ ಹಚ್ಚಿಕೊಳ್ಳುವಷ್ಟರಲ್ಲಿ ಯಾರ್ಯಾರದೋ ಮಾತು ತಲೆಯೊಳಗೆ ಓಡಾಡತೊಡಗಿ, ಕಣ್ಣು ಮುಚ್ಚಿಕೊಂಡೇ ಎದುರುಮನೆ ಶಾಂತಕ್ಕನ ಜೊತೆ ಒಂದು ಜಗಳ ಮುಗಿಸಿ ಏಳುತ್ತೇನೆ. ಕಾರಣ ಒಂದು ನಾಯಿ. ಪಾಪ, ಅದರ ಮೇಲೆ ಯಾಕೆ ಹಾಕಲಿ? ನಮ್ಮ ನಾಯಿಯ ಬಗ್ಗೆ ಶಿವಮೊಗ್ಗದಿಂದ ಭದ್ರಾವತಿಯವರೆಗೆ ಸಮಸ್ತರಿಗೂ ಒಂದೊಂದು ಅಭಿಪ್ರಾಯವಿದೆ, ಅದು ಕಾರಣ.

ನಾಯಿಯ ಹೆಸರು ಚಕ್ಕುಲಿ. ಬಾಲ ಹಾಗೆ ಸುರುಳಿ ಸುತ್ತಿಕೊಂಡಿದೆ ಅಂತ ನಾಲ್ಕನೇ ಕ್ಲಾಸಿನ ನನ್ನ ಮಗಳು ಸಿಂಚನ ಇಟ್ಟ ಹೆಸರು. ಒಂದು ಶಿವರಾತ್ರಿಯ ಸಂಜೆ, ಉಪವಾಸದ ಹೊಟ್ಟೆಯಲ್ಲಿ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದೆ. ರಾಗಿಗುಡ್ಡದ ಕಡೆಯಿಂದ ಒಂದು ಮರಿ ನೆಟ್ಟಗೆ ಬಂದು, ಬೇರೆ ಜಾಗವೇ ಇಲ್ಲವೆನ್ನುವಂತೆ ರಂಗೋಲಿಯ ನಡುವೆ ಮಲಗಿತು. ಬೇರೆ ದಿನವಾಗಿದ್ದರೆ ಪೊರಕೆ ತೋರಿಸುತ್ತಿದ್ದೆ. ಶಿವರಾತ್ರಿಯ ದಿನ ಬಾಗಿಲಿಗೆ ಬಂದವನನ್ನು ಓಡಿಸುವುದಕ್ಕೆ ಧೈರ್ಯ ಬೇಕು. ಭೈರವನ ವಾಹನವೇ ನಾಯಿ. ಯಾರು ಯಾರನ್ನು ಕಳಿಸಿದ್ದಾರೋ ನಮಗೇನು ಗೊತ್ತು? ಉಟ್ಟು ಉಟ್ಟು ಮೆತ್ತಗಾಗಿದ್ದ ನನ್ನ ಹಸಿರು ನೂಲಿನ ಸೀರೆಯೊಂದನ್ನು ಮಡಿಸಿ ನಡುಮನೆಯ ಮೂಲೆಗೆ ಹಾಸಿದೆ. ಅವತ್ತಿನಿಂದ ಆ ಸೀರೆ ಅವನದು.

ಮಗಳ ಸೀನು ಶುರುವಾದದ್ದು ಆಮೇಲೆ. ಈ ಸೀನಿನ ವಿಚಾರ ಸ್ವಲ್ಪ ಹೇಳಬೇಕು. ನಮ್ಮನೆಯವರದು ಪೈಪು, ನಲ್ಲಿ ಮಾರುವ ಅಂಗಡಿ. ಹೊರಡುವ ಹೊತ್ತಿಗೆ ಯಾರಾದರೂ ಒಂಟಿ ಸೀನು ಸೀನಿದರೆ ಹೊರಟವರು ವಾಪಸು ಬಂದು, ಕೂತು, ಒಂದು ಲೋಟ ನೀರು ಕುಡಿದೇ ಹೋಗಬೇಕು. ಜೋಡಿ ಸೀನಾದರೆ ಚಿಂತೆಯಿಲ್ಲ, ಶುಭ. ಶಕುನ ಹೇಳಿದ ಹಿರಿಯರು ಇಲ್ಲಿಗೆ ನಿಲ್ಲಿಸಿಬಿಟ್ಟಿದ್ದಾರೆ. ಒಂದು ಮಗು ಉಸಿರೆಳೆಯಲೂ ಬಿಡುವಿಲ್ಲದೆ ಸಾಲಾಗಿ ಸೀನಿದರೆ ಅದು ಶುಭವೋ ಅಶುಭವೋ ಎಂಬುದನ್ನು ಯಾರೂ ಯೋಚಿಸಿದಂತಿಲ್ಲ. ನಮ್ಮನೆಯವರೇ ಒಂದು ದಾರಿ ಕಂಡುಕೊಂಡರು. ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದು ಕಾಲು ಹೊಸ್ತಿಲಲ್ಲಿಟ್ಟು, ಬೆರಳು ಮಡಿಸುತ್ತಾ ನಿಲ್ಲುವುದು. ಜೋಡಿಯಲ್ಲಿ ಮುಗಿದರೆ ಹೊರಡುವುದು, ಒಂಟಿಯಲ್ಲಿ ಮುಗಿದರೆ ನೀರು. ಅತ್ತ ಗಿರಾಕಿಗಳು ಮುಚ್ಚಿದ ಶಟರ್ ಮುಂದೆ ನಿಂತು ಫೋನ್ ಮಾಡುತ್ತಿದ್ದರು. ಮಗಳನ್ನು ಡಾಕ್ಟರಿಗೆ ತೋರಿಸೋಣ ಎಂದು ಅವರೇ ಮೊದಲು ಹೇಳಿದ್ದರ ಹಿಂದೆ ಅಂಗಡಿಯ ಕಾಳಜಿ ಎಷ್ಟು, ಮಗಳ ಕಾಳಜಿ ಎಷ್ಟು ಎಂದು ನಾನು ಕೆದಕಲು ಹೋಗಿಲ್ಲ. ತೋರಿಸಿದರಲ್ಲ, ಅದೇ ಶಿವನ ದಯೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಗಳ ಕೈಯ ಮೇಲೆ ಚುಚ್ಚಿ ಪರೀಕ್ಷೆ ಮಾಡಿ, ದಪ್ಪಗೆ ಕೆಂಪಾಗಿ ಎದ್ದ ಒಂದು ಗುಳ್ಳೆ ತೋರಿಸಿ ಹೇಳಿದರು, “ನಾಯಿದಮ್ಮ. ಎಲ್ಲರೂ ಕೂದಲು ಅಂದ್ಕೋತಾರೆ. ಅದರ ಮೈಯಿಂದ ಉದುರೋ ಹೊಟ್ಟು, ಅದರ ಜೊಲ್ಲು, ಇವೇ ತೊಂದರೆ ಕೊಡೋದು.” ನಾಯಿಯನ್ನು ಬೇರೆ ಕಡೆ ಇಡುವುದೇ ಒಳ್ಳೆಯದು, ಆಗುವುದೇ ಇಲ್ಲ ಅಂದರೆ ಮಲಗುವ ಕೋಣೆಗೆ ಮಾತ್ರ ಬಿಡಲೇಬೇಡಿ ಎಂದರು.

ಸುದ್ದಿ ಬೀದಿಗೆ ಬಿದ್ದ ಮೇಲೆ ಕೇಳಬೇಕೇ! ಶಾಂತಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಲೇ ಬಂದರು. “ಇನ್ನೂ ಇಟ್ಕೊಂಡಿದ್ದೀಯಲ್ಲೇ ಮಾರಾಯ್ತಿ, ಮಗುಗಿಂತ ನಾಯಿ ಹೆಚ್ಚಾಯ್ತಾ? ಒಂದು ಚೀಲಕ್ಕೆ ಹಾಕಿ ತ್ಯಾವರೆಕೊಪ್ಪದ ಹತ್ರ ಬಿಟ್ಟು ಬನ್ನಿ, ಅಲ್ಲಿ ಕಾಡಿದೆ.” ಕಾಡಿದೆ, ಸರಿ. ಹುಲಿ ಸಿಂಹಗಳನ್ನು ಸರ್ಕಾರ ಸಾಕಿರುವ ಜಾಗದ ಹತ್ತಿರ, ಅನ್ನ ಮೊಸರು ತಿಂದು ಬೆಳೆದ ಪ್ರಾಣಿಯನ್ನು ಚೀಲದಿಂದ ಸುರಿದು ಬರಬೇಕಂತೆ. ಪ್ರತಿ ಸೋಮವಾರ ನನಗಿಂತ ಮೊದಲೇ ದೇವಸ್ಥಾನದಲ್ಲಿ ಕಾಣುವ ಹೆಂಗಸು ಆಡುವ ಮಾತೇ ಇದು? ನಮ್ಮ ಚಿಕ್ಕಪ್ಪನವರದು ಇನ್ನೊಂದು ವರಸೆ. “ಅಲರ್ಜಿಯೂ ಇಲ್ಲ ಗಿಲರ್ಜಿಯೂ ಇಲ್ಲ. ನಾವೆಲ್ಲ ನಾಯಿ ಜೊತೆನೇ ಬಿದ್ದು ಹೊರಳಾಡಿ ಬೆಳೆದ್ವಿ.” ಹೊರಳಾಡಿದವರಲ್ಲಿ ಯಾರಿಗೆ ದಮ್ಮು ಕಟ್ಟುತ್ತಿತ್ತು, ಯಾರು ಮೂಲೆಯಲ್ಲಿ ಕೂತು ಏದುಸಿರು ಬಿಡುತ್ತಿದ್ದರು ಎಂದು ಲೆಕ್ಕ ಇಟ್ಟವರು ಯಾರು? ಮನೆಯನ್ನು ಅತಿಯಾಗಿ ಕ್ಲೀನ್ ಇಡುತ್ತೀಯ, ಅದಕ್ಕೇ ಮಗುವಿಗೆ ತಡೆಯುವ ಶಕ್ತಿ ಇಲ್ಲ ಅಂತ ಒಬ್ಬರು ಬೆಳಿಗ್ಗೆ ಹೇಳಿ ಹೋದರೆ, ನಾಯಿ ಇಟ್ಟುಕೊಂಡು ಮನೆ ಕ್ಲೀನ್ ಇರುತ್ತದೆಯೇ ಅಂತ ಇನ್ನೊಬ್ಬರು ಸಂಜೆ ಮೂಗು ಮುರಿದರು. ಮಗು ಸೀನಿದರೆ ಕಡೆಗೆ ತಪ್ಪಿತಸ್ಥೆ ತಾಯಿ ಎಂಬುದರಲ್ಲಿ ಮಾತ್ರ ಎಲ್ಲರಿಗೂ ಒಮ್ಮತ.

ನಾನೂ ಹಟ ಹಿಡಿದೆ. ಪೊರಕೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸುವುದಕ್ಕೆ ಶುರು ಮಾಡಿದೆ. ಮಗಳ ಕೋಣೆಯ ಬಾಗಿಲಿಗೆ ಸೀಮೆಸುಣ್ಣದ ಗೆರೆ ಎಳೆದು ಚಕ್ಕುಲಿಗೆ ಬೆರಳು ತೋರಿಸಿ, “ಇದನ್ನು ದಾಟಿದರೆ ನೋಡು” ಅಂದೆ. ನೀವು ನಂಬಲಿಕ್ಕಿಲ್ಲ, ಮನೆಯಲ್ಲಿ ನನ್ನ ಮಾತಿಗೆ ಬೆಲೆ ಕೊಟ್ಟವನು ಅವನೊಬ್ಬನೇ. ಗೆರೆಯ ಆಚೆ ಮುಂಗಾಲು ಜೋಡಿಸಿ ಮಲಗುತ್ತಿದ್ದ. ಈಚೆಯಿಂದ ಗೆರೆ ದಾಟಿ ಹೋಗಿ ಅವನ ಕುತ್ತಿಗೆಗೆ ಜೋತು ಬೀಳುತ್ತಿದ್ದವಳು ಮಗಳು. ಕೈ ತೊಳೆದುಕೊಂಡೆ ಅನ್ನುವಳು. ಕೈ ಮಾತ್ರ ತೊಳೆದಿರುತ್ತಿದ್ದಳು, ಕೆನ್ನೆಯ ತುಂಬ ಅವನ ಜೊಲ್ಲು.

ಕೊನೆಗೆ ಒಂದು ಮಧ್ಯಾಹ್ನ ಸ್ಕೂಲಿನಿಂದ ಬಂದವಳು ಚಕ್ಕುಲಿಯನ್ನು ತಬ್ಬಿ ಎದ್ದು ಬರುವಷ್ಟರಲ್ಲಿ, ಷೂ ಬಿಚ್ಚಲೂ ಆಗದೆ ಬಾಗಿಲಲ್ಲೇ ಕುಸಿದು ಕೂತಳು. ಎದೆಯಿಂದ ಸಿಳ್ಳೆ, ಮಾತು ಹೊರಡುತ್ತಿಲ್ಲ. ಆಸ್ಪತ್ರೆಯಲ್ಲಿ ಮೂಗಿಗೆ ಮಾಸ್ಕು ಇಟ್ಟು ಔಷಧಿಯ ಹೊಗೆ ಕೊಟ್ಟರು. ಆ ಪುಟ್ಟ ಎದೆ ಏರುವುದು ಇಳಿಯುವುದು ನೋಡುತ್ತಾ, ಇವಳ ಉಸಿರೊಂದು ಸರಿ ಮಾಡಪ್ಪ, ನಾಯಿ ವಿಷಯ ಆಮೇಲೆ ಮಾತಾಡೋಣ ಅಂತ ಶಿವನಿಗೆ ಹೇಳಿಕೊಂಡೆ.

ನಾಯಿಯ ವಿಷಯ ಭದ್ರಾವತಿಯಲ್ಲಿ ತೀರ್ಮಾನವಾಯಿತು. ನಮ್ಮತ್ತೆ ಇರುವುದು ಅಲ್ಲಿನ ಜನ್ನಾಪುರದಲ್ಲಿ, ನನ್ನ ಮೈದುನನ ಮನೆಯಲ್ಲಿ. ಫೋನ್ ಮಾಡಿ, “ಅವನನ್ನ ಇಲ್ಲಿಗೆ ಕಳಿಸಿ. ನಾನೇನು ಸೀನಲ್ಲ” ಅಂದರು. ಗೂಡ್ಸ್ ಆಟೋದಲ್ಲಿ ಚಕ್ಕುಲಿ ಹೋದ, ಹಸಿರು ಸೀರೆಯೂ ಅವನ ಜೊತೆ ಹೋಯಿತು. ಆಟೋದವರು, “ಅಕ್ಕ, ಇವನು ಹಿಂದೆ ಕೂರಲ್ಲ, ನನ್ನ ಪಕ್ಕ ಸೀಟೇ ಬೇಕಂತೆ” ಎಂದು ನಗಿಸಲು ನೋಡಿದರು. ಸಿಂಚನ ನಗಲಿಲ್ಲ, ಅಳಲೂ ಇಲ್ಲ. ಅತ್ತಿದ್ದರೆ ನಾನು ಬೈದಾದರೂ ಸಮಾಧಾನ ಮಾಡುತ್ತಿದ್ದೆ.

ಪರದೆ ಒಗೆದೆ, ಹಾಸಿಗೆ ಬಿಸಿಲಿಗೆ ಹಾಕಿದೆ, ಗೋಡೆ ಒರೆಸಿದೆ. ಬರಬರುತ್ತಾ ಮಗಳ ಎದೆಯ ಸಿಳ್ಳೆ ನಿಂತಿತು. ಅತ್ತೆ ಮೊಮ್ಮಗಳಿಗೆಂದು ಹಳೆ ಬಟ್ಟೆಯ ಪದರ ಸೇರಿಸಿ ಹೊಲಿದ ಒಂದು ಕೌದಿ ಕಳಿಸಿದರು. ಅದು ಬಂದದ್ದೇ ಮಗಳು ತಲೆಯವರೆಗೆ ಹೊದ್ದು ಮಲಗತೊಡಗಿದಳು. ಸ್ವಲ್ಪ ದಿನಕ್ಕೆ ಬೆಳಿಗ್ಗೆ ಏಳುವಾಗ ಮತ್ತೆ ಮೂಗು ಕಟ್ಟುವುದು, ಮತ್ತೆ ಆ ಸಿಳ್ಳೆ. ಈಗ ಬೀದಿಯೇ ಪಕ್ಷಾಂತರ ಮಾಡಿತು. “ಪಾಪ, ಸುಮ್ಮನೆ ನಾಯೀನ ಕಳಿಸಿಬಿಟ್ರಿ. ನಾಯಿದಲ್ಲ ಅಂತ ನಾನು ಅವತ್ತೇ ಅಂದ್ಕೊಂಡೆ” ಅಂದರು ಶಾಂತಕ್ಕ! ಚೀಲಕ್ಕೆ ಹಾಕಿ ಅಂದ ಬಾಯಿಂದಲೇ! ಮರುದಿನ ಬೆಳಿಗ್ಗೆ ಪೂಜೆಯಲ್ಲಿ ನಾನು ಅವರಿಗೆ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ.

ಮುಂದಿನ ಭಾನುವಾರ ಚಕ್ಕುಲಿಯನ್ನು ನೋಡಿ ಬರೋಣವೆಂದು ಒಬ್ಬಳೇ ಬಸ್ಸು ಹತ್ತಿ ಜನ್ನಾಪುರಕ್ಕೆ ಹೋದೆ. ಅತ್ತೆ ವರಾಂಡದಲ್ಲಿ ಕಾಲು ಚಾಚಿ ಇನ್ನೊಂದು ಕೌದಿ ಹೊಲಿಯುತ್ತಿದ್ದರು. ಹಾಸಿದ ಬಟ್ಟೆಯ ನಟ್ಟನಡುವೆ ಚಕ್ಕುಲಿ ಮಲಗಿದ್ದ.

“ಎದ್ದು ಆಚೆ ಹೋಗು ಅಂದ್ರೆ ಕೇಳಲ್ಲ ಕಣೆ. ಅವನು ಇರೋ ಜಾಗ ಬಿಟ್ಟು ಸುತ್ತ ಹೊಲೀತಾ ಬರ್ತೀನಿ, ಅವನು ಹೊರಳಿದಾಗ ನಡುವಿಂದು ಮುಗಿಸ್ತೀನಿ” ಅಂದರು.

ಪದರದ ಅಂಚಿನಿಂದ ಕತ್ತರಿ ಹಾಕಿದ ಒಂದು ಹಸಿರು ತುದಿ ಇಣುಕುತ್ತಿತ್ತು. ನನ್ನ ಸೀರೆ. ಅರ್ಧ ಮಾತ್ರ.

“ಇನ್ನರ್ಧ ಎಲ್ಲತ್ತೆ?”

ಅವರು ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿದರು. ದಾರ ಆಗಲೇ ಪೋಣಿಸಿಯಾಗಿತ್ತು. “ಹೋದ್ ಸಲದ್ದಕ್ಕೆ ಒಳಪದರ ಮಾಡ್ದೆ.”

“ಒಗೆದಿದ್ರಾ?”

“ಒಗೆದ್ರೆ ವಾಸನೆ ಹೋಗಲ್ವೇನೆ? ‘ಅಜ್ಜಿ, ಚಕ್ಕುಲಿ ವಾಸನೆ ಇರೋದು ಏನಾದ್ರೂ ಕಳ್ಸು’ ಅಂತ ಮಗು ಫೋನಲ್ಲಿ ಕೇಳ್ತು. ನಾಯಿ ಬೇಡ ಅಂದ್ರಿ, ಒಪ್ಪಿದೆ. ಸೀರೆ ಬೇಡ ಅಂತ ಯಾರಾದ್ರೂ ಅಂದ್ರಾ?”

ಮದುವೆಯಾದಾಗಿನಿಂದ ಅತ್ತೆಯ ಮೇಲೆ ರೇಗಲು ಇಷ್ಟು ಗಟ್ಟಿಯಾದ ಕಾರಣ ನನಗೆ ಸಿಕ್ಕಿರಲಿಲ್ಲ. ಬಸ್ಸಿನುದ್ದಕ್ಕೂ ಶಾಂತಕ್ಕನ ಮೇಲೆ ಕೂಡಿಸಿಟ್ಟುಕೊಂಡು ಬಂದಿದ್ದ ಸಿಟ್ಟೂ ಕೈಯಲ್ಲಿತ್ತು. ನಾಯಿಯ ಮೈಯ ಹೊಟ್ಟು ಆ ಸೀರೆಯಲ್ಲೇ ಇತ್ತು, ಮಗು ಅದನ್ನೇ ಮುಖಕ್ಕೆ ಹೊದ್ದು ಮಲಗುತ್ತಿತ್ತು ಅಂದೆ. ಅತ್ತೆಯ ಕೈ ನಿಂತಿತು. “ನಾನೇ ಕೊಟ್ನಾ ಹಾಗಾದ್ರೆ, ಆ ಉಬ್ಬಸಾನ?” ಎಂದು ಇಷ್ಟೇ ಇಷ್ಟು ದನಿಯಲ್ಲಿ ಕೇಳಿದರು. ಇಲ್ಲ ಅಂದೆ. ಪೂಜೆ ಮಾಡುವ ಬಾಯಲ್ಲಿ ಸುಳ್ಳು ಹೇಳಿದೆ. ಶಿವ ಅದನ್ನು ಲೆಕ್ಕಕ್ಕೆ ಹಿಡಿಯಲಾರ.

ಅಲ್ಲಿ ಖರ್ಚಾಗದ ಸಿಟ್ಟನ್ನು ಮನೆಗೆ ತಂದು ಮಗಳ ಮುಂದೆ ಇಟ್ಟೆ. “ಉಸಿರು ಕಟ್ಟುತ್ತೆ ಅಂತ ಗೊತ್ತಿದ್ದೂ ಯಾಕೆ ಹೊದ್ಕೊಂಡೆ? ಗೊತ್ತಿತ್ತೋ ಇಲ್ವೋ?”

“ಗೊತ್ತಿತ್ತು.”

“ಮತ್ತೆ?”

“ಉಸಿರು ಆಮೇಲೆ ಬರುತ್ತಲ್ಲಮ್ಮ. ಚಕ್ಕುಲಿ ಬರಲ್ವಲ್ಲ.”

ಹೊಡೆಯಲು ಎಂದು ಎತ್ತಿದ ಕೈಯಲ್ಲೇ ಅವಳ ಬೆನ್ನು ನೀವಿದೆ. ಕೌದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಜನ್ನಾಪುರಕ್ಕೆ ವಾಪಸು ಕಳಿಸಿದೆ. ಅದನ್ನು ಕಳಿಸಿದ ಮೇಲೆ ಸಿಳ್ಳೆ ನಿಂತಿತು. ಅಂದರೆ ಅಪರಾಧಿ ಚಕ್ಕುಲಿಯೇ, ಅನುಮಾನವೇ ಇಲ್ಲ. ಅಪರಾಧಿ ಎಂದು ಖಾತ್ರಿಯಾದ ಮೇಲೇ ನಾನು ಅವನ ಪರವಾಗಿ ವಾದಿಸಲು ಡಾಕ್ಟರ ಹತ್ತಿರ ಹೋದದ್ದು. ಗಾಂಧಿ ಬಜಾರಿನಲ್ಲಿ ಸೊಪ್ಪಿಗೂ ಅಷ್ಟು ಚೌಕಾಸಿ ಮಾಡಿದವಳಲ್ಲ ನಾನು. ಆ ಹೆಣ್ಣುಮಗಳು ಮೊದಲು ಆಗುವುದಿಲ್ಲವೆಂದು ತಲೆಯಾಡಿಸಿದರು, ಆಮೇಲೆ ಸಿಂಚನಳ ಮುಖ ನೋಡಿ ಷರತ್ತು ಹಾಕಿದರು. ನಾಯಿ ಮನೆಯೊಳಗೆ ಕಾಲಿಡಕೂಡದು, ತಬ್ಬಿಕೊಳ್ಳುವುದು ಇಲ್ಲವೇ ಇಲ್ಲ, ಉಸಿರಿನ ಜೊತೆ ಎಳೆದುಕೊಳ್ಳುವ ಪಂಪಿನ ಔಷಧಿ ಒಂದು ದಿನವೂ ತಪ್ಪಕೂಡದು, ಆಗಾಗ ಬಂದು ಎದೆ ತೋರಿಸಬೇಕು. “ಮತ್ತೆ ಸಿಳ್ಳೆ ಕೇಳಿಸ್ತೋ, ಅವನು ಭದ್ರಾವತಿಗೆ. ಆಗ ನನ್ನ ಮುಂದೆ ಬಂದು ಅಳಬಾರದು” ಅಂದರು. ಆ ಕೊನೆಯ ಮಾತು ಹೇಳುವಾಗ ಅವರು ನೋಡಿದ್ದು ಮಗಳನ್ನಲ್ಲ, ನನ್ನನ್ನು.

ಈಗ ಚಕ್ಕುಲಿ ಪೋರ್ಟಿಕೋದಲ್ಲಿ ಇದ್ದಾನೆ. ಅಂಗಡಿಯಲ್ಲಿ ಉಳಿದ ಪೈಪುಗಳನ್ನು ಜೋಡಿಸಿ ನಮ್ಮನೆಯವರೇ ಅವನಿಗೊಂದು ಮನೆ ಕಟ್ಟಿದ್ದಾರೆ. ನೋಡಿದವರು ನೀರಿನ ಟ್ಯಾಂಕಿನ ಸ್ಟ್ಯಾಂಡ್ ಅಂದುಕೊಳ್ಳುತ್ತಾರೆ. ಅವನ ಮೈ ತೊಳೆಯುವುದು, ಒರೆಸುವುದು ನನ್ನ ಪಾಲು. ಅದಕ್ಕೆಂದೇ ಇಟ್ಟ ಹಳೆ ನೈಟಿಯನ್ನು ಹಿತ್ತಲಲ್ಲೇ ಬಿಟ್ಟು, ಸ್ನಾನ ಮಾಡಿ ಒಳಗೆ ಬರುತ್ತೇನೆ. ಮಗಳು ಕಿಟಕಿಯ ಹತ್ತಿರ ಕೂತು ಹೋಂವರ್ಕ್ ಮಾಡುತ್ತಾಳೆ, ಅವನು ಗಾಜಿನ ಆಚೆ ಕೂತು ಅವಳನ್ನೇ ನೋಡುತ್ತಾನೆ. ಮಗ್ಗಿ ಅವಳಿಗಿಂತ ಮೊದಲು ಅವನಿಗೇ ಬಾಯಿಪಾಠವಾಗಬಹುದು.

ಅವನು ವಾಪಸು ಬಂದದ್ದನ್ನು ನೋಡಿ ಶಾಂತಕ್ಕ ಗೇಟಿನ ತನಕ ಬಂದರು. “ಮತ್ತೆ ತಂದ್ರಾ? ಒಳಗೂ ಬಿಡಲ್ಲ, ಹೊರಗೂ ಕಳಿಸಲ್ಲ. ಇದೆಂಥ ಸಾಕಣೆನೇ ಮಾರಾಯ್ತಿ?”

ಈ ಸಲ ನಾನು ಪೂಜೆಯ ಹೊತ್ತಿಗೆ ಎಂದು ಎತ್ತಿಡದೆ ಅಲ್ಲೇ ಉತ್ತರ ಕೊಟ್ಟೆ. “ಪ್ರತಿ ಸೋಮವಾರ ಹೋಗ್ತೀರಲ್ಲ ಶಾಂತಕ್ಕ, ನಂದಿ ಎಲ್ಲಿ ಕೂತಿರ್ತಾನೆ? ಗರ್ಭಗುಡಿಯ ಹೊರಗೆ. ಒಳಗೆ ಬಾ ಅಂತ ಶಿವ ಯಾವತ್ತೂ ಕರೆದಿಲ್ಲ. ಹಾಗಂತ ಅಲ್ಲಿಂದ ಏಳು ಅಂತಲೂ ಅಂದಿಲ್ಲ. ಅವನಿವನನ್ನು, ಇವನವನನ್ನು ನೋಡ್ತಾ ಕೂತಿದ್ದಾರೆ. ಅದರಲ್ಲಿ ಪ್ರೀತಿಗೇನು ಕಡಿಮೆ ಆಗಿದೆ?”

ಹೇಳಿ ಮುಗಿಸಿದ ಮೇಲೆ ನನಗೇ ನನ್ನ ಮಾತು ಹಿಡಿಸಿತು. ಶಾಂತಕ್ಕ ಕೈ ಕೂಡ ಮುಗಿಯಬಹುದೇನೋ ಅನ್ನಿಸಿತು.

“ಅದೆಲ್ಲ ಸರಿ ಕಣೆ” ಅಂದರು. “ನಿಮ್ಮ ನಂದಿ ಬೆಳಿಗ್ಗೆ ನಮ್ಮನೆ ಮುಂದಿಂದ ನನ್ನ ಎಡಗಾಲಿನ ಚಪ್ಪಲಿ ಎತ್ಕೊಂಡು ಬಂದಿದ್ದಾನೆ. ಅದನ್ನ ಕೊಟ್ಟುಬಿಡು, ನಾನು ದೇವಸ್ಥಾನಕ್ಕೆ ಹೋಗ್ಬೇಕು.”