ಪ್ರಥಮ ದರ್ಜೆಯ ತಪ್ಪು

ನಾನು ಪ್ರಥಮ ದರ್ಜೆ ಸಹಾಯಕ. ಹಾಗೆಂದು ಹೇಳಿಕೊಳ್ಳುವುದರಲ್ಲಿ ನಮ್ಮ ಕಡೆ ಒಂದು ತೊಂದರೆಯಿದೆ. ಮನೆಯನ್ನು ಮನಿ, ಸಂತೆಯನ್ನು ಸಂತಿ ಮಾಡುವ ನಮ್ಮ ನಾಲಿಗೆ ದರ್ಜೆಯನ್ನೂ ಬಿಡದೆ ದರ್ಜಿ ಮಾಡಿಬಿಡುತ್ತದೆ. ಹಡಗಲಿಗೆ ಹೆಣ್ಣು ನೋಡಲು ಹೋದಾಗ ನಮ್ಮ ಸೋದರಮಾವ, "ಹುಡುಗ ಪ್ರಥಮ ದರ್ಜಿ ಅದಾನ್ರಿ" ಎಂದು ಹೆಮ್ಮೆಯಿಂದ ಹೇಳಿದ. ಹುಡುಗಿಯ ಅಜ್ಜಿ ಒಳಗೆ ಹೋಗಿ ಒಂದು ಕುಬಸದ ಕಣ ತಂದು ನನ್ನ ತೊಡೆಯ ಮೇಲಿಟ್ಟಳು. "ತೋಳು ಸ್ವಲ್ಪ ಸಡ್ಲ ಇರ್ಲಿ, ತಮ್ಮಾ."

ಮದುವೆಯಂತೂ ಆಯಿತು. ಯೋಚಿಸಿದರೆ ಅಜ್ಜಿಯದು ಪೂರ್ತಿ ತಪ್ಪೂ ಅಲ್ಲ. ದರ್ಜಿ ಮೈ ಅಳೆದು ಬಟ್ಟೆ ಕತ್ತರಿಸುತ್ತಾನೆ. ಸರ್ಕಾರ ಮೊದಲೇ ಎ, ಬಿ, ಸಿ, ಡಿ ಎಂದು ನಾಲ್ಕು ಅಂಗಿ ಹೊಲಿದಿಟ್ಟು, ಆಮೇಲೆ ಹೊಂದುವ ಮೈ ಹುಡುಕುತ್ತದೆ. ಯಾವ ಅಂಗಿಗೆ ಯಾವ ವೇತನಶ್ರೇಣಿ, ಎಷ್ಟು ಓದಿರಬೇಕು, ಯಾರು ಯಾವಾಗ ಮೇಲಿನದಕ್ಕೆ ಏರಬಹುದು, ಎಲ್ಲಕ್ಕೂ ಕಾಯ್ದೆಯಿದೆ. ಕಾಯ್ದೆಯ ಕೆಳಗೆ ನಿಯಮಗಳಿವೆ. ಆ ನಿಯಮಗಳನ್ನು ಅರೆದು ಕುಡಿದವನೆಂದು ನಾನು ನಮ್ಮ ಕೂಡ್ಲಿಗಿಯಲ್ಲಷ್ಟೇ ಅಲ್ಲ, ಹರಪನಹಳ್ಳಿಯ ಕಚೇರಿಗಳಲ್ಲೂ ಹೆಸರುವಾಸಿ. ಫೋನು ಮಾಡಿ ಕೇಳುತ್ತಿದ್ದರು, ಪುಸ್ತಕ ತೆರೆಯದೆ ಹೇಳುತ್ತಿದ್ದೆ. ತೆರೆದರೆ ಮರ್ಯಾದೆ ಏನು ಉಳಿಯಿತು?

ನಮ್ಮ ಕಚೇರಿಯ ಡಿ ಗುಂಪಿನ ನೌಕರಳು ದುರುಗಮ್ಮ, ಕೊಟ್ಟೂರಿನ ಕಡೆಯವಳು. ಗಂಡ ಸೇವೆಯಲ್ಲಿದ್ದಾಗಲೇ ತೀರಿಕೊಂಡಿದ್ದರಿಂದ ಅನುಕಂಪದ ಆಧಾರದ ಮೇಲೆ ಕೆಲಸಕ್ಕೆ ಬಂದಾಕೆ. ಕಡತ ಹೊರುವುದು, ಪತ್ರ ಮುಟ್ಟಿಸುವುದು, ಚಹಾ ತರುವುದು ಆಕೆಯ ಕೆಲಸ. ನಲವತ್ತೆರಡರ ವಯಸ್ಸಿನಲ್ಲಿ ಮಗಳ ಹಳೆಯ ಪುಸ್ತಕಗಳನ್ನು ಓದಿ, ಹೊರಗಿನಿಂದ ಎಸ್ಸೆಸ್ಸೆಲ್ಸಿಗೆ ಕಟ್ಟಿದಳು. ಗಣಿತ ಎರಡು ಸಲ ಕೈಕೊಟ್ಟು ಮೂರನೆಯ ಸಲ ಒಲಿಯಿತು. ಎಲ್ಲರಿಗೂ ಪೇಡೆ ಹಂಚಿ, ನನ್ನ ಮೇಜಿನ ಹತ್ತಿರ ನಿಂತು ಕೇಳಿದಳು:

"ಸಾರ್, ಇನ್ನ ನನಗ ದ್ವಿತೀಯ ದರ್ಜಿ ಬಡ್ತಿ ಸಿಗತೈತೇನ್ರಿ?"

ನಾನು ತಲೆ ಎತ್ತಲಿಲ್ಲ. "ಹೊರಗಿಂದ ಕಟ್ಟಿ ಪಾಸಾದ್ರ ನಡಿಯಂಗಿಲ್ಲಮ್ಮ. ಸಾಲಿಗೆ ಹೋಗಿ ಓದಿರಬೇಕು."

"ಹೌದೇನ್ರಿ" ಎಂದು ಹೋದಳು. ಆ ವರ್ಷದ ಬಡ್ತಿ ಪಟ್ಟಿ ಆಕೆಯ ಹೆಸರಿಲ್ಲದೆ ಹೊರಟಿತು. ಆಕೆಗಿಂತ ಎಷ್ಟೋ ತಡವಾಗಿ ಸೇರಿದವನೊಬ್ಬ ಆಕೆಯನ್ನು ದಾಟಿ ಮೇಲೆ ಹೋದ.

ಕೆಲವು ತಿಂಗಳ ನಂತರ, ಒಂದು ಮಧ್ಯಾಹ್ನ, ಕಪಾಟಿನಲ್ಲಿದ್ದ ನಿಯಮಪುಸ್ತಕವನ್ನೇ ಹಿಡಿದು ಬಂದಳು. "ಸಾರ್, ಸಿಟ್ಟಾಗಬ್ಯಾಡ್ರಿ. ನಾಲ್ಕು ಸಲ ಓದೀನಿ. ಸಾಲಿಗೆ ಹೋಗಿರಬೇಕು ಅಂತ ಇದರಾಗ ಎಲ್ಲೈತ್ರಿ?"

ಕನ್ನಡಕ ಹಾಕಿಕೊಂಡು ಹುಡುಕಿದೆ. ಹಿಂದಿನ ಪುಟ, ಮುಂದಿನ ಪುಟ, ತಿದ್ದುಪಡಿಗಳು, ಅಡಿಟಿಪ್ಪಣಿ. 'ಉತ್ತೀರ್ಣರಾಗಿರತಕ್ಕದ್ದು' ಎಂದಷ್ಟೇ ಇತ್ತು. ಎಲ್ಲಿ ಕೂತು ಓದಿದೆ ಎಂದು ಸರ್ಕಾರ ಕೇಳಿರಲಿಲ್ಲ, ನಾನು ಕೇಳಿದ್ದೆ.

"ಇಲ್ಲಮ್ಮ. ನಂದ ತಪ್ಪಾತು."

ಆಕೆ ಬೈಯಲಿಲ್ಲ. "ಮತ್ತ ಈಗ ಏನ್ ಮಾಡೂಣ್ರಿ?" ಎಂದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಬಡ್ತಿಗೆ ಈಗ ಅರ್ಜಿ ಹಾಕಿಸಿ, ಅದು ತಡವಾದದ್ದಕ್ಕೆ ನಾನು ಕಾರಣ ಬರೆಯಬೇಕು. 'ಅರ್ಜಿದಾರರಿಗೆ ಮಾಹಿತಿ ಇರಲಿಲ್ಲ' ಎಂದರೆ ನನಗೇನೂ ಆಗುವುದಿಲ್ಲ, ಆದರೆ ಆಕೆ ಕಳೆದುಕೊಂಡ ಜ್ಯೇಷ್ಠತೆ ವಾಪಸು ಬರುವುದಿಲ್ಲ. ಒಂದು ಇಡೀ ದಿನ ಆ ಹಾಳೆ ಖಾಲಿಯೇ ಇತ್ತು. ಮರುದಿನ ಬರೆದೆ: 'ವಿಷಯ ನಿರ್ವಾಹಕರು ತಪ್ಪು ಮಾಹಿತಿ ನೀಡಿದ್ದರಿಂದ ವಿಳಂಬವಾಗಿದೆ.' ವಿಷಯ ನಿರ್ವಾಹಕ ಎಂದರೆ ಆ ಕಡತ ನೋಡುವವನು, ಅಂದರೆ ನಾನೇ.

ಸಾಹೇಬರು ಓದಿ ಹುಬ್ಬೇರಿಸಿದರು. "ಏನ್ರೀ, ಇದನ್ನ ಕಳಿಸಿದ್ರ ನಿಮಗ ನೋಟಿಸ್ ಬರತೈತಿ. ಗೊತ್ತೈತಿಲ್ಲ?"

"ಗೊತ್ತೈತ್ರಿ ಸಾರ್. ಈ ಸಲ ಪುಸ್ತಕ ನೋಡೀನಿ."

ನೋಟಿಸು ಬಂತು. ಪತ್ರ ಮುಟ್ಟಿಸುವುದು ಯಾರ ಕೆಲಸ? ದುರುಗಮ್ಮ ಅದನ್ನು ತಂದು ನನ್ನೆದುರು ಹಿಡಿದಳು. "ನನ್ನ ಸಲುವಾಗಿ ನಿಮಗ ಹಿಂಗಾತಲ್ರಿ ಸಾರ್."

"ಎರಡು ಕಾಗುಣಿತ ತಪ್ಪದಾವ ನೋಡವ್ವ, ಇದರಾಗ" ಎಂದು ಸಹಿ ಹಾಕಿದೆ. ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ನನ್ನದು ಎಚ್ಚರಿಕೆಯಲ್ಲಿ ಮುಗಿಯಿತು. ಆಕೆಗೆ ಹಿಂದಿನ ಜ್ಯೇಷ್ಠತೆಯ ಸಮೇತ ಬಡ್ತಿ ಬಂತು, ಹಗರಿಬೊಮ್ಮನಹಳ್ಳಿಗೆ ವರ್ಗವಾಗಿ ಹೋದಳು.

ಮೊನ್ನೆ ಅಲ್ಲಿಗೆ ಕೆಲಸದ ಮೇಲೆ ಹೋಗಿದ್ದೆ. ಬೇರೆ ಕಚೇರಿಯ ಡಿ ಗುಂಪಿನ ವಯಸ್ಸಾದ ನೌಕರನೊಬ್ಬ ಒಂದು ಕಾಗದ ಹಿಡಿದು ದುರುಗಮ್ಮನ ಮೇಜಿನ ಮುಂದೆ ನಿಂತಿದ್ದ. "ಕೂಡ್ರಿ ಯಜಮಾನ್ರ" ಎಂದಳು. "ಇರ್ಲಿ ಬಿಡ್ರಿ ಮೇಡಂ" ಎಂದು ಆತ ನಿಂತೇ ಇದ್ದ. ಆಕೆ ಕಾದಳು. ಆತ ಅಂಜುತ್ತ ಕುರ್ಚಿಯ ತುದಿಗೆ ಕೂತಮೇಲೆಯೇ ಆಕೆ ಕಾಗದಕ್ಕೆ ಕೈ ಚಾಚಿದ್ದು.

ಬಸ್ಸಿನಲ್ಲಿ ಬರುತ್ತ ಯೋಚಿಸಿದೆ. ನಾಲ್ಕು ಗುಂಪುಗಳ ಬಗ್ಗೆ ಅಷ್ಟೊಂದು ಬರೆದವರು, ಯಾರು ಯಾರ ಮುಂದೆ ನಿಂತಿರಬೇಕು ಎಂದು ಎಲ್ಲೂ ಬರೆದಿಲ್ಲ. ಅದನ್ನು ನಾವೇ ಸೇರಿಸಿಕೊಂಡಿದ್ದೇವೆ. ಮರುದಿನ ಕಚೇರಿಗೆ ಸ್ವಲ್ಪ ಬೇಗ ಹೋಗಿ, ನನ್ನ ಮೇಜಿನ ಎದುರಿನ ಕುರ್ಚಿಯ ಮೇಲೆ ವರ್ಷಗಳಿಂದ ಕೂತಿದ್ದ ಕಡತಗಳನ್ನು ಎಬ್ಬಿಸಿ ಕಪಾಟಿಗೆ ಕಳಿಸಿದೆ.