ಎರಡು ಪೆಟ್ಟಿಗೆ, ಒಬ್ಬ ರಾಣಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಾಲವಾರದ ಹೊರಗೆ, ಕಟಾವಾದ ತೊಗರಿ ಹೊಲದ ಬದುವಿನಲ್ಲಿ ಶಿವಕಾಂತಮ್ಮ ಜೇನುಪೆಟ್ಟಿಗೆಗೆ ಕಿವಿಯಿಟ್ಟು ಬೆರಳಿನಿಂದ ತಟ್ಟುತ್ತಾರೆ. ಒಳಗಿಂದ ಗುಂಯ್ ಎನ್ನುವ ಸದ್ದು ತಡವಾಗಿ, ಸಣ್ಣಗೆ ಬರುತ್ತದೆ. ಪಕ್ಕದ ಪೆಟ್ಟಿಗೆಯಲ್ಲೂ ಅಷ್ಟೇ ಸಣ್ಣ ಸದ್ದು.

"ಥಂಡಿಗೆ ಹುಳ ಒಂದಕ್ಕೊಂದು ಒತ್ತಿ ಕುಂತು ಬೆಚ್ಚಗಾಗ್ತಾವ್ರಿ. ಒತ್ತಿ ಕುಂದ್ರಾಕ ಮಂದೀನೇ ಇಲ್ಲಂದ್ರ ಏನ್ ಮಾಡ್ತಾವ?"

ತೊಗರಿ ಹೂವು ಮುಗಿದಿದೆ, ಕುಸುಬಿ ಇನ್ನೂ ಹೂ ಬಿಟ್ಟಿಲ್ಲ. ಸಣ್ಣ ಜೇನುಕುಟುಂಬಗಳು ಸಾಯುವುದು ಈ ನಡುವಿನ ಚಳಿಯಲ್ಲೇ. ಯಾರದೋ ಗೋಡೆ ಬಿರುಕಿನಲ್ಲೋ ಬಾವಿ ಕಲ್ಲಿನ ಸಂದಿನಲ್ಲೋ ಜೇನು ಕೂತರೆ ಮೊದಲು ಬೆಂಕಿ ಹಚ್ಚುತ್ತಿದ್ದರು. ಈಗ ಹಿಡಿದು ಪೆಟ್ಟಿಗೆಗೆ ತುಂಬಿಕೊಂಡು ಹೋಗಲು 'ಹುಳದಕ್ಕ'ನನ್ನು ಕರೆಯುತ್ತಾರೆ. ಶಿವಕಾಂತಮ್ಮ ಎಂಬ ಹೆಸರು ಬಹಳ ಜನಕ್ಕೆ ಗೊತ್ತಿಲ್ಲ.

ಕಳೆದ ಚಳಿಗಾಲದಲ್ಲಿ ಒಂದು ತಪ್ಪಾಯಿತು. ಈ ಕಡೆ ಮನೆಯ ಮಾಳಿಗೆಗೂ ನೆಲಕ್ಕೂ ಹೊಲದ ಬೇಲಿಗೂ ಶಹಾಬಾದಿನ ಫರ್ಸಿ, ಅಂದರೆ ಚಪ್ಪಡಿ ಕಲ್ಲೇ. ಕಲ್ಲು ಪಾಲಿಶ್ ಕೆಲಸಕ್ಕೆ ಹೋಗುವ ಗಂಡ ಲಾಲಪ್ಪ, ಗಾಳಿ ತಾಗದಿರಲೆಂದು ಪೆಟ್ಟಿಗೆಗಳ ಸುತ್ತ ಫರ್ಸಿ ನಿಲ್ಲಿಸಿ, ಮುಚ್ಚಳ ತೆಗೆದು ಅದೇ ಕಲ್ಲು ಹೊದಿಸಿದರು. ರಾತ್ರಿ ಕಲ್ಲು ತಣ್ಣಗಾಯಿತು. ಹುಳಗಳ ಉಸಿರು ಅದಕ್ಕೆ ತಾಗಿ, ನೀರಾಗಿ, ಅವುಗಳ ಮೇಲೇ ತೊಟ್ಟಿಕ್ಕಿತು. ಒಂದು ಪೆಟ್ಟಿಗೆಯೂ ಉಳಿಯಲಿಲ್ಲ.

"ಮನಿ ಅಂತ ಕಟ್ಟೀನಿ, ಗೋರಿ ಆತು," ಎನ್ನುತ್ತಾರೆ ಲಾಲಪ್ಪ.

"ಗೋರಿ ಕಟ್ಟಾಕತ್ತೀನಿ ಅಂತ ಮದ್ಲೇ ಹೇಳಿದ್ರ ನಾನೂ ಬ್ಯಾಡ ಅಂತಿದ್ದೆ," ಎನ್ನುತ್ತಾರೆ ಹೆಂಡತಿ.

ಈ ಸಲ ಮರದ ಮುಚ್ಚಳವೇ ಇದೆ, ಮೇಲೆ ಗೋಣಿಚೀಲ ಹೊದಿಸಿದ್ದಾರೆ. ಆದರೆ ಆಮೇಲೆ ಹಿಡಿದು ತಂದ ಎರಡೂ ಕುಟುಂಬ ಬೇರೆಬೇರೆಯಾಗಿ ಚಳಿ ದಾಟುವಂತಿಲ್ಲ. ಒಂದುಗೂಡಿಸಬೇಕು. ಹಾಗೆ ಮಾಡುವ ಮೊದಲು ಒಬ್ಬ ರಾಣಿಯನ್ನು ತೆಗೆಯಬೇಕು, ಇಲ್ಲದಿದ್ದರೆ ಇಬ್ಬರೂ ಕಾದಾಡುತ್ತಾರೆ. ಇಬ್ಬರೂ ಸತ್ತರೆ ಎಲ್ಲ ಮುಗಿಯಿತು. ಬಲ ಕುಂದಿದ ರಾಣಿಯನ್ನು ತೆಗೆಯಿರಿ ಎಂದು ಜೇನು ಸಾಕಣೆ ತರಬೇತಿಯಲ್ಲಿ ಹೇಳಿದ್ದರು. ಇಲ್ಲಿ ಬಲ ಕುಂದಿದವಳು ಯಾರು?

"ಕಡಿಯೂ ಹುಳದ ಪೆಟಗಿ ರಾಣಿನ್ನ ತೆಗಿ ಅಕ್ಕ," ಎನ್ನುತ್ತಾರೆ ಹೊಲದ ಮಾಲೀಕ ಬಂದೇಅಲಿ.

"ಎರಡೂ ಕಡಿತಾವ, ಭಾಯಿ."

"ಹಂಗಾದ್ರ ಕಮ್ಮಿ ಕಡಿಯೂದು ಇಟ್ಕೊ. ನನ್ನ ಕುಸುಬಿಗೆ ಹುಳ ಬೇಕು, ರಾಣಿ ಯಾರಾದ್ರೇನು?"

ಸಂಜೆ ಶಿವಕಾಂತಮ್ಮ ಪೆಟ್ಟಿಗೆ ತೆರೆದು ಒಬ್ಬ ರಾಣಿಯನ್ನು ಎರಡು ಬೆರಳ ನಡುವೆ ಹಿಡಿಯುತ್ತಾರೆ. ಬಿಡುತ್ತಾರೆ. ಇನ್ನೊಬ್ಬಳನ್ನೂ ಹಿಡಿದು ಬಿಡುತ್ತಾರೆ. ಕೊನೆಗೆ ಒಂದು ಪೆಟ್ಟಿಗೆಯ ಮುಚ್ಚಳ ತೆಗೆದು ಹಳೆ ಪೇಪರ್ ಹಾಸಿ, ಸೂಜಿಯಿಂದ ಚುಚ್ಚಿ, ಅದರ ಮೇಲೆ ತಳ ಬಿಚ್ಚಿದ ಇನ್ನೊಂದು ಪೆಟ್ಟಿಗೆ ಕೂರಿಸುತ್ತಾರೆ. ಹುಳಗಳು ಪೇಪರ್ ಕಡಿದು ಮುಗಿಸುವಷ್ಟರಲ್ಲಿ ಎರಡು ಮನೆಯ ವಾಸನೆ ಬೆರೆತು, ಹುಳಗಳು ಕಚ್ಚಾಡುವುದಿಲ್ಲ. ಆದರೆ ರಾಣಿಯರು ಇಬ್ಬರೂ ಒಳಗೇ ಇದ್ದಾರೆ.

"ಹಿಂಗ ಮಾಡಬಾರ್ದು ಅಂತ ಗೊತ್ತದರಿ. ಕೊಲ್ಲಾಕ ಕೈಯೇ ಬರಲಿಲ್ಲ. ಖರೇ ಹೇಳ್ಬೇಕಂದ್ರ, ತಲಿಯೂ ಓಡಲಿಲ್ಲ."

ಎರಡು ದಿನದ ನಂತರ ಬೆಳಿಗ್ಗೆ ಪೆಟ್ಟಿಗೆಯ ಬಾಯಲ್ಲಿ ಪೇಪರ್ ಚೂರು ಬಿದ್ದಿದೆ. ಅದರ ನಡುವೆ ಒಂದು ಉದ್ದನೆಯ ಹುಳ, ಸತ್ತ ರಾಣಿ. ಶಿವಕಾಂತಮ್ಮ ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡುತ್ತಾರೆ. ಮೇಲಿನವಳೋ ಕೆಳಗಿನವಳೋ ಗೊತ್ತಾಗುವುದಿಲ್ಲ. ಒಳಗೆ ಇನ್ನೊಬ್ಬಳು ಬದುಕಿದ್ದಾಳೆಂಬ ಖಾತ್ರಿಯೂ ಇಲ್ಲ. ಈಗಷ್ಟೇ ಒಂದಾದ ಹುಳಗಳನ್ನು ಈ ಚಳಿಯಲ್ಲಿ ಮತ್ತೆ ಮುಚ್ಚಳ ತೆಗೆದು ಕದಡುವಂತಿಲ್ಲ.

ಕಿವಿಯಿಟ್ಟು ತಟ್ಟುತ್ತಾರೆ. ಈ ಸಲ ಸದ್ದು ತಡಮಾಡದೆ, ದಪ್ಪಗೆ ಬರುತ್ತದೆ.

"ಯಾವಾಕಿ ಉಳದಾಳೋ, ನಾ ಮಾಡಿದ್ದು ಸರಿನೋ ತಪ್ಪೋ, ಕೇಳಬ್ಯಾಡ್ರಿ," ಎನ್ನುತ್ತಾರೆ. "ಕುಸುಬಿ ಹೂ ಬಿಡೂತನಕ ಹಿಂಗ ಗುಂಯ್ ಅಂದ್ರ ಸಾಕು."