ಗಾಳಿ ಸೊನ್ನೆ

ಆ ಶನಿವಾರ ಬೆಳಿಗ್ಗೆ ವಿಸ್ತೀನ್ ಗಾಜಿನ ಲೋಟದಲ್ಲಿ ಟೀ ಕುಡಿದ. ಬ್ರೆಡ್ಡಿಗೆ ಟೊಮೆಟೊ ತಿಕ್ಕಿ ಎಣ್ಣೆ ಬಿಟ್ಟು ಕೊಟ್ಟೆ. ಉಪ್ಪಿನಲ್ಲಿಟ್ಟ ಕೇಪರ್ ಮೊಗ್ಗು ಯಾಕೆ ಹಾಕಿಲ್ಲ ಅಂದ. ಡಾಕ್ಟರು ಉಪ್ಪು ಬೇಡ ಅಂದಿದ್ದಾರೆ ಅಂದೆ. ತಿನ್ನುವವನು ಡಾಕ್ಟರಲ್ಲವಲ್ಲ ಎಂದು ತಾನೇ ಎದ್ದು ಹಾಕಿಕೊಂಡ. ನನ್ನ ಗಂಡ ನೆಮ್ಮದಿಯಿಂದ ತಿಂದ ಕೊನೆಯ ತಿಂಡಿ ಅದು.

ಅವನು ಮೊದಲು ಹಡಗು ರಿಪೇರಿ ಕಟ್ಟೆಯಲ್ಲಿ ಎಲೆಕ್ಟ್ರಿಷಿಯನ್. ಆ ಕೆಲಸ ಹೋದ ಮೇಲೆ ಸಂಜೆ ಶಾಲೆಗೆ ಹೋಗಿ ಕಂಪ್ಯೂಟರ್ ಕಲಿತ. ನಾನು ಹೆಚ್ಚು ಓದಿದವಳಲ್ಲ, ಅವನ ಕೆಲಸ ನನಗೆ ತಿಳಿದಷ್ಟು ಹೇಳುತ್ತೇನೆ. ಮಾಲ್ಟಾದಲ್ಲಿ ಈಗ ಬೇಕರಿಗಳಿಗಿಂತ ಬೆಟ್ಟಿಂಗ್ ಕಂಪನಿಗಳೇ ಜಾಸ್ತಿ. ಅಂಥ ಒಂದರಲ್ಲಿ ಅವನು ವಾಟರ್ ಪೋಲೊ ಆಟಕ್ಕೆ ಗೆರೆ ಹಾಕುತ್ತಿದ್ದ. ಇವತ್ತು ಎರಡೂ ಕಡೆ ಸೇರಿ ಇಷ್ಟು ಗೋಲು ಬೀಳುತ್ತವೆ ಎಂದು ಕಂಪನಿ ಒಂದು ಅಂಕಿ ಇಡುತ್ತದೆ. ಅದೇ ಗೆರೆ. ಜನ ಅದಕ್ಕಿಂತ ಹೆಚ್ಚು ಇಲ್ಲವೇ ಕಡಿಮೆ ಎಂದು ಬಾಜಿ ಕಟ್ಟುತ್ತಾರೆ.

ಆ ಅಂಕಿ ಹೇಳುವುದಕ್ಕೆ ವಿಸ್ತೀನ್ ಕಂಪ್ಯೂಟರಿನೊಳಗೆ ಒಂದು ಲೆಕ್ಕ ಕಟ್ಟಿದ್ದ. ಹಳೆಯ ಆಟಗಳನ್ನೆಲ್ಲ ಅದಕ್ಕೆ ಉಣಿಸಿದ್ದ. ಯಾರ ಎಡಗೈ ಚುರುಕು, ಯಾವ ಗೋಲ್‌ಕೀಪರ್ ಕೊನೆಗೆ ಸುಸ್ತಾಗುತ್ತಾನೆ, ಎಲ್ಲ ಅದಕ್ಕೆ ಗೊತ್ತು. ನಮ್ಮೂರಲ್ಲಿ ಆಡುವುದು ಕೊಳದಲ್ಲಲ್ಲ, ಕೊಲ್ಲಿಯ ನೀರಿಗೆ ಹಗ್ಗ ಕಟ್ಟಿ ಮಾಡಿದ ಜಾಗದಲ್ಲಿ. ಗಾಳಿ ಎದ್ದರೆ ಅಲೆ ಏಳುತ್ತದೆ, ಚೆಂಡು ದಾರಿ ತಪ್ಪುತ್ತದೆ, ಗೋಲು ಕಡಿಮೆಯಾಗುತ್ತವೆ. ಅದಕ್ಕೆಂದೇ ನಮ್ಮ ತಾರಸಿಯ ಮೇಲೆ ಗಾಳಿ ಅಳೆಯುವ ಯಂತ್ರ ನೆಟ್ಟಿದ್ದ. ಕಂಬದ ತುದಿಯಲ್ಲಿ ಮೂರು ಬಟ್ಟಲು, ಗಾಳಿ ಬಂದರೆ ಬುಗುರಿಯ ಹಾಗೆ ತಿರುಗುತ್ತವೆ. ಅದರ ಲೆಕ್ಕ ತಂತಾನೇ ಆಫೀಸಿಗೆ ಹೋಗುತ್ತದೆ.

ಅವನದೊಂದು ನೇಮವಿತ್ತು. ನಮ್ಮೂರಿನ ಆಟವಿದ್ದರೆ ಅವನು ಗೆರೆಯನ್ನು ಮುಟ್ಟುತ್ತಿರಲಿಲ್ಲ, ನೋಡುತ್ತಲೂ ಇರಲಿಲ್ಲ. ಕಂಪ್ಯೂಟರ್ ಹೇಳಿದ್ದೇ ಗೆರೆ. ನಾಳೆ ಯಾರೂ ಬೆರಳು ತೋರಿಸಬಾರದು ಅನ್ನುತ್ತಿದ್ದ.

ಅದು ನಮ್ಮ ಸಂತರ ಹಬ್ಬದ ವಾರ. ಮಧ್ಯಾಹ್ನ ನನ್ನ ತಮ್ಮ ನೆನು ಹಬ್ಬಕ್ಕೆ ವಾದ್ಯ ನುಡಿಸುವ ಬ್ಯಾಂಡ್ ಕ್ಲಬ್ಬಿನವರ ಜೊತೆ ತಾರಸಿಗೆ ಧ್ವಜ ಹೊತ್ತು ತಂದ. ಪ್ರತಿ ವರ್ಷ ಕಟ್ಟುವುದಕ್ಕಿಂತ ದೊಡ್ಡದು. ಎದುರು ಕ್ಲಬ್ಬಿನವರು ದೊಡ್ಡದು ಏರಿಸಿದ್ದಾರೆ, ನಾವೇನು ಬಳೆ ತೊಟ್ಟಿದ್ದೇವಾ ಅಂದ. ಕಟ್ಟಿ ಇಳಿದವರಿಗೆ ತಣ್ಣಗಿನ ಬಿಯರ್ ಕೊಟ್ಟೆ. ವಿಸ್ತೀನ್ ಆಗ ಅಂಗಡಿಗೆ ಹೋಗಿದ್ದ.

ಸಂಜೆ ಇಬ್ಬರೂ ಆಟಕ್ಕೆ ಹೋದೆವು. ಆ ಕಾಲದಲ್ಲಿ ಬಾರದ ಗ್ರಿಗಾಲ್ ಗಾಳಿ ಎದ್ದಿತ್ತು. ಅದು ಈಶಾನ್ಯದಿಂದ ನೇರ ನಮ್ಮ ಕೊಲ್ಲಿಗೆ ನುಗ್ಗುತ್ತದೆ. ದಡದಲ್ಲಿ ಕೂತವರೆಲ್ಲ ಮೊಬೈಲು ಹಿಡಿದು ನಗುತ್ತಿದ್ದರು. ಒಬ್ಬ ಹೇಳಿದ, "ಕಂಪನಿಯವರಿಗೆ ಸಮುದ್ರ ಕಾಣಲ್ವೇನ್ರೋ? ಕೊಳದಲ್ಲಿ ಆಡೋ ಹಾಗೆ ಗೆರೆ ಇಟ್ಟಿದ್ದಾರೆ." ವಿಸ್ತೀನ್ ಮುಖ ಬಿಗಿಯಿತು. ಆದರೂ ಮೊಬೈಲು ತೆಗೆಯಲಿಲ್ಲ. ನೇಮ ಅಂದರೆ ನೇಮ. ಕಡಲೆಕಾಯಿ ಸುಲಿಯುತ್ತಾ ಕೂತ. ಗೋಲು ಬೆರಳೆಣಿಕೆಯಷ್ಟು ಬಿದ್ದವು. ಕಡಿಮೆ ಎಂದು ಬಾಜಿ ಕಟ್ಟಿದ್ದ ಇಡೀ ಊರು ಗೆದ್ದಿತು.

ಸೋಮವಾರ ಆಫೀಸಿನಲ್ಲಿ ಅವನನ್ನು ಕರೆದು ಕೇಳಿದರು. ಆ ಸಂಜೆಯ ಗಾಳಿ ಸೊನ್ನೆ ಎಂದು ಬಂದಿತ್ತು. ಯಂತ್ರ ಕೆಟ್ಟಿರಬೇಕು ಅಂದ. ಅವರ ಮನುಷ್ಯ ಬಂದು ನೋಡಿದ. ಬಟ್ಟಲು ಚೆನ್ನಾಗಿ ತಿರುಗುತ್ತಿದ್ದವು. ಧ್ವಜ ಆಗಲೇ ಇರಲಿಲ್ಲ. ಗಾಳಿಗೆ ಹರಿದುಹೋದೀತೆಂದು ಭಾನುವಾರ ನಸುಕಿನಲ್ಲೇ ನೆನು ಹೊರಗಿನ ಮೆಟ್ಟಿಲು ಹತ್ತಿ ಬಿಚ್ಚಿಕೊಂಡು ಹೋಗಿದ್ದ. ಯಂತ್ರ ಸರಿಯಿದ್ದರೆ ಸೊನ್ನೆಯನ್ನು ಯಾರೋ ಕೈಯಿಂದ ಬರೆದಿರಬೇಕು. ಕೈಯಿಂದ ಬರೆಯುವ ಕೀಲಿ ಇದ್ದದ್ದು ವಿಸ್ತೀನ್ ಒಬ್ಬನ ಹತ್ತಿರ. ಗೆದ್ದವರೆಲ್ಲ ಅವನ ಊರಿನವರು. ಮನೆಯಲ್ಲಿರು, ಕರೆಯುತ್ತೇವೆ ಅಂದರು.

ಕರೆಯಲಿಲ್ಲ. ಕಳ್ಳ ಎಂದು ಬಾಯಿಬಿಟ್ಟೂ ಹೇಳಲಿಲ್ಲ. ಹೇಳಿದ್ದರೆ ಜಗಳವಾಡಬಹುದಿತ್ತು.

ಊರಿನವರು ಬೈಯಲಿಲ್ಲ, ಬೆನ್ನು ತಟ್ಟಿದರು. ಅವನನ್ನು ಕೊಂದದ್ದು ಅದು. ಗೆರೆ ಮಾರಿ ನಮಗೂ ಉಣಿಸಿದ, ಗಟ್ಟಿಗ ಎಂದು ಕಣ್ಣು ಹೊಡೆಯುತ್ತಿದ್ದರು. ಅವನಿಗೆ ಹೆಸರೂ ಇಟ್ಟರು, ಬ್ನಾಟ್ಸಿ ಎಂದು. ಗಾಳಿಯಿಲ್ಲದ, ಅಲೆಯಿಲ್ಲದ ಸಮುದ್ರಕ್ಕೆ ನಾವು ಹೇಳುವ ಮಾತು ಅದು. ನಮ್ಮಲ್ಲಿ ಅಡ್ಡಹೆಸರು ಬಿದ್ದರೆ ಮೊಮ್ಮಕ್ಕಳವರೆಗೂ ಬಿಡುವುದಿಲ್ಲ. ಬ್ರೆಡ್ಡಿನ ಗಾಡಿಯವನೂ ಕೂಗಿದ, "ಬ್ನಾಟ್ಸಿ, ಮುಂದಿನ ಸಲ ನನಗೂ ಒಂದು ಮಾತು ಹೇಳಯ್ಯಾ." ಅವತ್ತಿನಿಂದ ಬ್ರೆಡ್ಡು ತರಲು ನಾನೇ ಹೋಗುತ್ತಿದ್ದೆ.

ಅವನು ತಾರಸಿಯಲ್ಲೇ ಕೂರತೊಡಗಿದ. ಬಿಸಿಲಲ್ಲಿ ಬಟ್ಟಲು ತಿರುಗುವುದನ್ನು ನೋಡುವುದು, ಕೆಳಗೆ ಬಂದು ಕಂಪ್ಯೂಟರಿನಲ್ಲಿ ಲೆಕ್ಕ ನೋಡುವುದು, ಮತ್ತೆ ಹತ್ತುವುದು. "ಝೆಪ್ಪಾ, ನನ್ನ ಲೆಕ್ಕದಲ್ಲೇ ಎಲ್ಲೋ ತೂತಿದೆ. ಅದು ಸಿಕ್ಕಿದರೆ ಸಾಕು," ಅಂದ. ಊಟಕ್ಕೆ ಬಾ ಅಂದೆ. ಬರುತ್ತೇನೆ ಅಂದ. ಬರಲಿಲ್ಲ. ಹತ್ತಿ ನೋಡಿದರೆ ಕುರ್ಚಿಯಲ್ಲಿ ಹಾಗೇ ವಾಲಿದ್ದ, ಮುಖ ಯಂತ್ರದ ಕಡೆಗಿತ್ತು. ಹೃದಯ ಅಂದರು ಡಾಕ್ಟರು. ಉಪ್ಪಿನ ಮಾತೂ ತೆಗೆದರು.

ಮರುವರ್ಷ ಹಬ್ಬಕ್ಕೆ ನೆನು ಮತ್ತೆ ಧ್ವಜ ತಂದ. ಕರಿ ಉಟ್ಟ ಮನೆಗೆ ಧ್ವಜ ಬೇಕಾ ಅಂದೆ. ಭಾವನೂ ಕ್ಲಬ್ಬಿನವನೇ ಅಲ್ಲವಾ ಅಂದ. ಅವನ ಹಿಂದೆ ತಾರಸಿ ಹತ್ತಿದೆ. ಅವನು ಹಗ್ಗ ಎಳೆಯುತ್ತಾ ಹೇಳಿದ:

"ಈ ಸಲ ಆ ಮೂಲೆಗೆ ಕಟ್ತೀನಿ ಅಕ್ಕಾ. ಹೋದ ಸಲ ನಿಮ್ಮ ಬುಗುರಿಗೆ ಹೇಗೆ ಸುತ್ತಿಕೊಂಡಿತ್ತು ಅಂತೀಯಾ, ಬಿಡಿಸೋದರಲ್ಲಿ ಸಾಕಾಯ್ತು."

"ಯಾವಾಗ?"

"ಆಟದ ಮಾರನೇ ದಿನ ಬಿಚ್ಚೋಕೆ ಬಂದೆನಲ್ಲ. ಬಟ್ಟಲಿಗೆಲ್ಲ ಶಾಲು ಸುತ್ತಿದ ಹಾಗಿತ್ತು."

ಅವನ ಕೈಯಲ್ಲಿ ಹಗ್ಗ ಇನ್ನೂ ಇತ್ತು. ನನ್ನ ಮುಖ ನೋಡಿದ. ಆಮೇಲೆ ಯಂತ್ರ ನೋಡಿದ. ಹಗ್ಗ ಕೈಯಿಂದ ಜಾರಿತು.

"ನಂಗೆ ಗೊತ್ತಿರಲಿಲ್ಲ ಅಕ್ಕಾ. ಇದು ಏನು ಅಳೆಯುತ್ತೆ ಅಂತಲೇ ಗೊತ್ತಿರಲಿಲ್ಲ."

"ಹೋಗಿ ಕ್ಲಬ್ಬಿನಲ್ಲಿ ಹೇಳು. ಎಲ್ಲರೂ ಇರುವಾಗ ಹೇಳು."

ಹೋಗಿ ಹೇಳಿದ. ಅದನ್ನು ಅಲ್ಲಗಳೆಯುವುದಿಲ್ಲ. ಎಲ್ಲರೂ ನಕ್ಕರಂತೆ. ಸತ್ತವನನ್ನು ಎತ್ತಿಹಿಡಿಯಲು ಭಾವಮೈದ ಧ್ವಜದ ಕಥೆ ಕಟ್ಟಿದ್ದಾನೆ ಅಂದರಂತೆ. ನಮಗೇನು ಬೇಜಾರಿಲ್ಲ ಬಿಡು, ಬ್ನಾಟ್ಸಿ ಒಳ್ಳೆಯವನು, ಹಂಚಿ ತಿಂದ ಅಂದರಂತೆ.

ಸ್ಲೀಮಾದಲ್ಲಿದ್ದ ಕಂಪನಿಯ ಆಫೀಸಿಗೂ ಹೋದೆ. ಲಿನೇಯಾ ಎಂಬ ಉತ್ತರದ ದೇಶದ ಹುಡುಗಿ ಕೂರಿಸಿ ನೀರು ಕೊಟ್ಟಳು. ಎಲ್ಲ ಕೇಳಿದಳು. ನಿಮ್ಮ ಗಂಡನ ಮೇಲೆ ಆರೋಪವೇ ಇರಲಿಲ್ಲ, ಇಲ್ಲದ ಆರೋಪ ತೆಗೆಯುವುದು ಹೇಗೆ ಅಂದಳು. ಒಂದು ಕಾಗದ ಬರೆದುಕೊಡು, ಚರ್ಚಿನ ಬಾಗಿಲಿಗೆ ಅಂಟಿಸುತ್ತೇನೆ ಅಂದೆ. ಅದು ಕಂಪನಿಯ ರೀತಿಯಲ್ಲ ಅಂದಳು. ಆಮೇಲೆ ನನ್ನ ಯಂತ್ರದ ಬಗ್ಗೆ ಕೇಳಿದಳು. ಅವರ ಲೆಕ್ಕ ಈಗಲೂ ವಿಸ್ತೀನ್ ಕಟ್ಟಿದ್ದೇ, ನಮ್ಮೂರಿನ ಆಟಕ್ಕೆ ಈಗಲೂ ನಮ್ಮ ತಾರಸಿಯ ಗಾಳಿಯನ್ನೇ ತೆಗೆದುಕೊಳ್ಳುತ್ತದಂತೆ. ಅದನ್ನು ಹಾಗೇ ಇಡಬಹುದಾ ಅಂದಳು.

ಎದ್ದು ಬಂದೆ. ಕಂಬ ಕಿತ್ತುಹಾಕಬೇಕೆಂದೇ ತಾರಸಿ ಹತ್ತಿದೆ. ಕಂಬದ ಬುಡಕ್ಕೆ ಅವನು ಸುತ್ತಿದ್ದ ತಂತಿ ಕಂಡಿತು. ಹಡಗಿನಲ್ಲಿ ಸುತ್ತುತ್ತಿದ್ದ ಹಾಗೇ, ಒಂದರ ಪಕ್ಕ ಒಂದು, ಎಲ್ಲೂ ಸಂದಿಲ್ಲ. ಕೀಳಲಿಲ್ಲ.

ನಮ್ಮ ತಾರಸಿಯಲ್ಲಿ ಈಗ ಧ್ವಜವಿಲ್ಲ. ಬೀದಿಯಲ್ಲಿ ನನ್ನನ್ನು ಬ್ನಾಟ್ಸಿಯ ಝೆಪ್ಪಾ ಅನ್ನುತ್ತಾರೆ. ತಿರುಗಿ ನೋಡುವುದಿಲ್ಲ.

ಸಮುದ್ರದ ಉಪ್ಪು ರಾತ್ರಿಯೆಲ್ಲ ಬಟ್ಟಲುಗಳಿಗೆ ಕಟ್ಟುತ್ತದೆ, ಬಿಟ್ಟರೆ ತಿರುಗದ ಹಾಗೆ ಹಿಡಿದುಕೊಳ್ಳುತ್ತದೆ. ಬೆಳಿಗ್ಗೆ ಎದ್ದು ಬಕೆಟ್ಟಿನಲ್ಲಿ ಸಿಹಿನೀರು ಹೊತ್ತು ಹತ್ತುತ್ತೇನೆ. ಕುರ್ಚಿಯ ಮೇಲೆ ನಿಂತು ಅವನ ಹಳೆಯ ಬನಿಯನ್ನಿನಿಂದ ಮೂರೂ ಬಟ್ಟಲು ಒರೆಸುತ್ತೇನೆ. ತಿರುಗುತ್ತವಾ ಎಂದು ನೋಡುತ್ತೇನೆ. ಗಾಳಿ ಸತ್ತ ದಿನವಾದರೆ ಬೆರಳಿನಿಂದ ಒಂದು ಸಲ ತಿರುಗಿಸಿ ಇಳಿಯುತ್ತೇನೆ.